ಸಾಲ, ಗುತ್ತಿಗೆ, ಮಳಿಗೆ: ಭಾರತದ ದಿನಸಿ ಚಿಲ್ಲರೆ ವ್ಯಾಪಾರದಲ್ಲಿ ಒಡೆತನದ ಕ್ರೋಡೀಕರಣ

ಒಂದೇ ಒಡೆತನದಲ್ಲಿ ಹಲವು ಮಳಿಗೆಗಳನ್ನು ನಡೆಸುವ ಸರಣಿ ಸಂಸ್ಥೆಗಳನ್ನು ಸಂಘಟಿತ ಚಿಲ್ಲರೆ ವಲಯವೆಂದು ಕರೆಯುವುದು ವಾಡಿಕೆ. ಭಾರತದ ದಿನಸಿ ವಹಿವಾಟಿನಲ್ಲಿ ಈ ವಲಯದ ಪಾಲು ಇಂದಿಗೂ ಚಿಕ್ಕದು. ಬಹುಪಾಲು ವ್ಯಾಪಾರ ಕಿರಾಣಿ ಅಂಗಡಿಗಳದ್ದೇ ಆಗಿದೆ. ಆದರೂ ಆ ಚಿಕ್ಕ ಪಾಲಿನೊಳಗೆ ಎರಡು ದಶಕಗಳಲ್ಲಿ ಒಡೆತನವು ಕೆಲವೇ ಉದ್ಯಮ ಸಮೂಹಗಳಿಗೆ ಸೇರಿಹೋಗಿದೆ. ಹೆಚ್ಚು ಕೊಳ್ಳುವವನಿಗೆ ಸರಕು ಅಗ್ಗವಾಗಿ ಸಿಗುವುದರಿಂದ ದೊಡ್ಡದು ಚಿಕ್ಕದನ್ನು ಹಿಂದಿಕ್ಕುತ್ತದೆ ಎಂಬ ಪಠ್ಯಪುಸ್ತಕದ ವಿವರಣೆ ಇಲ್ಲಿ ಅರ್ಧ ಮಾತ್ರ ಸಲ್ಲುತ್ತದೆ. ಸಾಲದ ಬಲದಿಂದ ವೇಗವಾಗಿ ಮಳಿಗೆ ತೆರೆದ ಸಂಸ್ಥೆಗಳು ಕುಸಿದಾಗ ಅವುಗಳ ಜಾಗ, ಗ್ರಾಹಕರು ಮತ್ತು ನೌಕರರನ್ನು ಬಂಡವಾಳವಿದ್ದವರು ಪಡೆದುಕೊಂಡ ಬಗೆಯೇ ಈ ಕ್ರೋಡೀಕರಣದ ಮುಖ್ಯ ಸೂತ್ರವೆಂಬುದು ಪ್ರಸ್ತುತ ಲೇಖನದ ವಾದ.

ಈ ಬೆಳವಣಿಗೆಯ ಮೊದಲ ಅಧ್ಯಾಯ ದಕ್ಷಿಣ ಭಾರತದ್ದು. 1905ರಲ್ಲಿ ನೀಲಗಿರಿ ಸೀಮೆಯಲ್ಲಿ ಹುಟ್ಟಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ನೆಲೆಯೂರಿದ ನೀಲಗಿರೀಸ್, 1996ರಲ್ಲಿ ಚೆನ್ನೈನಲ್ಲಿ ಶುರುವಾದ ಫುಡ್‌ವರ್ಲ್ಡ್, ಮರುವರ್ಷ ಅದೇ ನಗರದಲ್ಲಿ ಕಾಣಿಸಿಕೊಂಡ ಸುಭಿಕ್ಷಾ, ಬೆಂಗಳೂರಿನ ಫ್ಯಾಬ್‌ಮಾಲ್ ಇವೆಲ್ಲ ಪ್ರಾದೇಶಿಕ ಸರಣಿಗಳಾಗಿದ್ದವು. ತ್ರಿನೇತ್ರ ಸಂಸ್ಥೆಯನ್ನು 2007ರಲ್ಲಿ ಆದಿತ್ಯ ಬಿರ್ಲಾ ಸಮೂಹ ಕೊಂಡುಕೊಂಡಾಗ ಅದರೊಳಗೆ ವಿಲೀನಗೊಂಡಿದ್ದ ಫ್ಯಾಬ್‌ಮಾಲ್ ಮಳಿಗೆಗಳೂ ಕೈಬದಲಾಗಿ ಮುಂದೆ ‘ಮೋರ್’ ಎಂಬ ಹೆಸರು ತಳೆದವು. ಫ್ಯಾಬ್‌ಮಾಲ್ ಕಟ್ಟಿದವರಲ್ಲಿ ಕೆಲವರು 2011ರಲ್ಲಿ ಬೆಂಗಳೂರಿನಲ್ಲೇ ಬಿಗ್‌ಬಾಸ್ಕೆಟ್ ಸ್ಥಾಪಿಸಿದರು. 2021ರಲ್ಲಿ ಅದರ ಬಹುಪಾಲು ಷೇರುಗಳು ಟಾಟಾ ಸಮೂಹಕ್ಕೆ ಹೋದವು. ಒಂದೇ ತಂಡದ ಅನುಭವ ಎರಡು ಬಾರಿ ಎರಡು ದೊಡ್ಡ ಸಮೂಹಗಳ ಪಾಲಾದ ಈ ಸಂಗತಿ, ಕರ್ನಾಟಕದ ವ್ಯಾಪಾರ ಚರಿತ್ರೆ ಬರೆಯುವವರ ಗಮನಕ್ಕೆ ಇನ್ನೂ ಹೆಚ್ಚಾಗಿ ಬರಬೇಕಾದದ್ದು.

ದಿನಸಿ ವ್ಯಾಪಾರದ ಲಾಭಾಂಶ ತೀರಾ ತೆಳುವಾದದ್ದರಿಂದ ದುಡಿಯುವ ಬಂಡವಾಳ, ಅಂದರೆ ಸರಕು ತರಿಸಿ, ಬಾಡಿಗೆ ಮತ್ತು ಸಂಬಳ ಕೊಟ್ಟು ಮಾರಾಟದ ಹಣ ಕೈಸೇರುವವರೆಗೆ ತಡೆದುಕೊಳ್ಳುವ ಹಣ, ಬತ್ತಿದ ಕೂಡಲೇ ಕಪಾಟುಗಳು ಬರಿದಾಗುತ್ತವೆ, ಬರಿದಾದ ಕಪಾಟು ಗ್ರಾಹಕರನ್ನು ಓಡಿಸುತ್ತದೆ, ಗ್ರಾಹಕರಿಲ್ಲದ ಮಳಿಗೆಗೆ ವಿತರಕರು ಉದ್ರಿ ಕೊಡುವುದನ್ನು ನಿಲ್ಲಿಸುತ್ತಾರೆ. ಸಾವಿರಕ್ಕೂ ಮಿಕ್ಕಿ ಮಳಿಗೆಗಳಿದ್ದ ಸುಭಿಕ್ಷಾ 2009ರಲ್ಲಿ ಹೀಗೆಯೇ ನಿಂತುಹೋಯಿತು.

ಫ್ಯೂಚರ್ ಸಮೂಹದ ಪ್ರಕರಣ ಇದಕ್ಕಿಂತ ಜಟಿಲವಾದದ್ದು. 2001ರಲ್ಲಿ ಬಿಗ್ ಬಜಾರ್ ಆರಂಭಿಸಿದ ಈ ಸಮೂಹ ನೀಲಗಿರೀಸ್, ಈಸಿಡೇ, ಹೆರಿಟೇಜ್ ಫ್ರೆಶ್, ಹೈಪರ್‌ಸಿಟಿಗಳನ್ನು ಒಂದೊಂದಾಗಿ ಸೇರಿಸಿಕೊಂಡು ತಾನೇ ಕ್ರೋಡೀಕರಣದ ಮುಂದಾಳಾಗಿತ್ತು. ಸಾಲದ ಹೊರೆಗೆ ಕೋವಿಡ್ ಲಾಕ್‌ಡೌನ್ ಕೂಡಿಕೊಂಡಾಗ, 2020ರ ಆಗಸ್ಟಿನಲ್ಲಿ ತನ್ನ ವ್ಯಾಪಾರವನ್ನು 24,713 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಮಾರಲು ಅದು ಒಪ್ಪಿತು. ಸ್ಪರ್ಧಾ ಆಯೋಗ ಅದೇ ನವೆಂಬರಿನಲ್ಲಿ ಸಮ್ಮತಿಸಿತಾದರೂ ಅಮೆಜಾನ್ ಹೂಡಿದ ವ್ಯಾಜ್ಯಗಳಲ್ಲಿ ವ್ಯವಹಾರ ಸಿಕ್ಕಿಕೊಂಡಿತು. ಈ ನಡುವೆ ಬಾಡಿಗೆ ಬಾಕಿ ಉಳಿದ ಹಲವು ಮಳಿಗೆಗಳ ಗುತ್ತಿಗೆಯನ್ನು ಕಟ್ಟಡದ ಮಾಲೀಕರಿಂದ ರಿಲಯನ್ಸ್ ತನ್ನ ಹೆಸರಿಗೆ ಮಾಡಿಸಿಕೊಂಡು, ಅವನ್ನೇ ಫ್ಯೂಚರ್‌ಗೆ ಉಪಗುತ್ತಿಗೆಗೆ ಕೊಟ್ಟಿತ್ತು. 2022ರ ಆರಂಭದಲ್ಲಿ ಎಂಟುನೂರಕ್ಕೂ ಹೆಚ್ಚು ಮಳಿಗೆಗಳ ಉಪಗುತ್ತಿಗೆ ರದ್ದತಿಗೆ ನೋಟಿಸು ಹೋಯಿತು. ಏಪ್ರಿಲಿನಲ್ಲಿ ಭದ್ರತೆಯುಳ್ಳ ಸಾಲದಾತರು ಮಾರಾಟದ ಯೋಜನೆಯನ್ನು ತಿರಸ್ಕರಿಸುವ ಹೊತ್ತಿಗೆ ಮಾರಬೇಕಾಗಿದ್ದ ಜಾಗಗಳಲ್ಲಿ ಬಹಳಷ್ಟು ಕೈತಪ್ಪಿದ್ದವು. ವಿಲೀನದ ಯೋಜನೆ ಬಿದ್ದುಹೋಯಿತು, ಮಳಿಗೆಗಳು ಮಾತ್ರ ಕೈಬದಲಾದವು. ಸಾಲ ಕೊಟ್ಟ ಬ್ಯಾಂಕುಗಳಿಗೂ ಸರಕು ಕೊಟ್ಟ ಸಣ್ಣ ಪೂರೈಕೆದಾರರಿಗೂ ಉಳಿದದ್ದು ದಿವಾಳಿ ಪ್ರಕ್ರಿಯೆಯ ಸರತಿ ಸಾಲು. ನಷ್ಟ ತಾಳುವ ಶಕ್ತಿ ತೀರಾ ಕಡಿಮೆಯಿದ್ದ ಪೂರೈಕೆದಾರರ ಪಾಡು ಅಧ್ಯಯನಗಳಲ್ಲಿ ಅಡಿಟಿಪ್ಪಣಿಯಾಗಿ ಉಳಿಯಬಾರದು.

ಇದಕ್ಕೆ ವಿರುದ್ಧ ಮಾದರಿಯೂ ಉಂಟು. 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದ ಡಿಮಾರ್ಟ್, ಆದಷ್ಟೂ ಸ್ವಂತ ಕಟ್ಟಡಗಳಲ್ಲಿ ವ್ಯಾಪಾರ ನಡೆಸಿ, ಪೂರೈಕೆದಾರರಿಗೆ ಬೇಗ ಹಣ ಸಲ್ಲಿಸಿ, ಅದಕ್ಕೆ ಪ್ರತಿಯಾಗಿ ದರದಲ್ಲಿ ರಿಯಾಯಿತಿ ಪಡೆಯುವ ಕ್ರಮವನ್ನು ಅನುಸರಿಸಿತು. 2017ರ ಮಾರ್ಚಿನಲ್ಲಿ 131 ಇದ್ದ ಅದರ ಮಳಿಗೆಗಳು 2024ರ ಮಾರ್ಚಿಗೆ 365ಕ್ಕೆ ಏರಿದ್ದು ಇತರ ಸರಣಿಗಳನ್ನು ಕೊಂಡುಕೊಂಡದ್ದರಿಂದಲ್ಲ.

ವಿದೇಶಿ ಬಂಡವಾಳದ ಪಾತ್ರ ನಿರೀಕ್ಷಿಸಿದ್ದಕ್ಕಿಂತ ಸೀಮಿತವಾಗಿತ್ತು. ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇಕಡ 51ರವರೆಗೆ ಹೂಡಿಕೆಗೆ 2012ರಲ್ಲಿ ಷರತ್ತುಬದ್ಧ ಅವಕಾಶ ಸಿಕ್ಕರೂ ಅಂತಿಮ ನಿರ್ಧಾರ ರಾಜ್ಯಗಳಿಗೆ ಬಿಟ್ಟದ್ದಾಗಿತ್ತು. ಸಗಟು ವ್ಯಾಪಾರಕ್ಕೆ ಸೀಮಿತವಾಗಿದ್ದ ಕ್ಯಾರಿಫೋರ್ 2014ರಲ್ಲಿ ದೇಶ ಬಿಟ್ಟಿತು. 2003ರಲ್ಲಿ ಬೆಂಗಳೂರಿನಿಂದ ಆರಂಭಿಸಿದ್ದ ಮೆಟ್ರೊ ತನ್ನ 31 ಮಳಿಗೆಗಳನ್ನು 2023ರಲ್ಲಿ ರಿಲಯನ್ಸ್‌ಗೆ ಒಪ್ಪಿಸಿತು.

ಸ್ಪರ್ಧಾ ಕಾನೂನಿಗೆ ಇಲ್ಲೊಂದು ನೈಜ ತೊಡಕಿದೆ. ಇಡೀ ದೇಶದ ವಹಿವಾಟನ್ನು ಲೆಕ್ಕಕ್ಕೆ ಹಿಡಿದರೆ, ಕಿರಾಣಿ ಅಂಗಡಿಗಳ ಬೃಹತ್ ಪಾಲಿನ ಎದುರು ಯಾವ ಸರಣಿಯೂ ಪ್ರಬಲವಾಗಿ ಕಾಣುವುದಿಲ್ಲ. ಗ್ರಾಹಕರು ದಿನಸಿ ಕೊಳ್ಳುವುದು ಮನೆಯಿಂದ ಒಂದೆರಡು ಕಿಲೋಮೀಟರ್ ಒಳಗೆ. ಆದ್ದರಿಂದ ಪೈಪೋಟಿಯನ್ನು ಬಡಾವಣೆಯ ಮಟ್ಟದಲ್ಲೂ, ಪೂರೈಕೆದಾರರ ಮೇಲಿನ ಚೌಕಾಸಿಯ ಬಲವನ್ನು ಪ್ರತ್ಯೇಕವಾಗಿಯೂ ಅಳೆಯುವುದು ಅಗತ್ಯ. ಬ್ಲಿಂಕಿಟ್ ಅನ್ನು 2022ರಲ್ಲಿ ಜೊಮ್ಯಾಟೊ ಕೊಂಡುಕೊಂಡ ನಂತರ, ಬಡಾವಣೆಯೊಳಗಿನ ಗೋದಾಮಿನಿಂದ ನಿಮಿಷಗಳಲ್ಲಿ ಸರಕು ತಲುಪಿಸುವ ತ್ವರಿತ ವ್ಯಾಪಾರವು ಸ್ವಿಗ್ಗಿ ಇನ್‌ಸ್ಟಾಮಾರ್ಟ್ ಮತ್ತು ಜೆಪ್ಟೊ ಸೇರಿದಂತೆ ಕೆಲವೇ ಸಂಸ್ಥೆಗಳ ಸುತ್ತ ನೆರೆದಿದೆ. ಇವು ನಷ್ಟದ ದರಕ್ಕೆ ಮಾರುತ್ತಿವೆಯೆಂಬ ದೂರನ್ನು ಗ್ರಾಹಕ ಸರಕುಗಳ ವಿತರಕರ ಒಕ್ಕೂಟ 2024ರಲ್ಲಿ ಸ್ಪರ್ಧಾ ಆಯೋಗಕ್ಕೆ ಸಲ್ಲಿಸಿದೆ. ಅಂಥ ದೂರುಗಳ ಪರಿಶೀಲನೆಗೆ ಬೇಕಾದ ಬಡಾವಣೆವಾರು ದರ ಮತ್ತು ಮಾರಾಟದ ಅಂಕಿಅಂಶ ಇರುವುದು ದೂರಿಗೊಳಗಾದ ಸಂಸ್ಥೆಗಳ ಬಳಿಯೇ. ಅದನ್ನು ತರಿಸಿಕೊಂಡು ಪರಿಶೀಲಿಸುವುದು ಆಯೋಗದ ಮುಂದಿರುವ ಮೊದಲ ಕೆಲಸ.