ಎದೆಯೀಜಿನಲ್ಲಿ ಉಸಿರಿನ ಚರಿತ್ರೆ

ಮೀನಿಗೆ ನೀರೇ ಮನೆ. ಮನುಷ್ಯನಿಗಾದರೋ ಅದು ಅಲ್ಪಕಾಲದ ಬೀಡು. ಅಲ್ಲಿ ಅವನು ಎಷ್ಟು ಹೊತ್ತು ಇರಬಲ್ಲನೆಂಬುದನ್ನು ನಿರ್ಣಯಿಸತಕ್ಕದ್ದು ತೋಳ್ಬಲಕ್ಕಿಂತಲೂ ಹೆಚ್ಚಾಗಿ ಉಸಿರು. ಕೈಗಳೆರಡನ್ನೂ ಎದೆಯ ಮುಂದೆ ಜೊತೆಯಾಗಿ ಚಾಚಿ ಅಗಲಿಸುತ್ತ, ಕಾಲುಗಳನ್ನು ಕಪ್ಪೆಯಂತೆ ಮಡಿಸಿ ಒದೆಯುವ ಎದೆಯೀಜಿಗೆ ಪಾಶ್ಚಾತ್ಯರು ಬ್ರೆಸ್ಟ್‌ಸ್ಟ್ರೋಕ್ ಎನ್ನುತ್ತಾರೆ. ವೇಗಕ್ಕೂ ಉಸಿರಿಗೂ ನಡೆದ ವ್ಯಾಜ್ಯವೇ ಈ ಈಜಿನ ಚರಿತ್ರೆಯೆಂದರೆ ಅತಿಶಯೋಕ್ತಿಯಾಗಲಾರದು.

ಯೂರೋಪಿನಲ್ಲಿ ಈಜನ್ನು ಕುರಿತು ಅಚ್ಚಾದ ಮೊದಲ ಗ್ರಂಥವೆಂದು ಪ್ರಸಿದ್ಧವಾದುದು ನಿಕೊಲಾಸ್ ವಿನ್ಮನ್ ಎಂಬ ಪಂಡಿತನು 1538ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಸಂವಾದರೂಪವಾಗಿ ರಚಿಸಿದ ‘ಕೊಲಿಂಬೇಟಿಸ್’. ಜನರು ನೀರುಪಾಲಾಗುವುದನ್ನು ತಪ್ಪಿಸಬೇಕೆಂಬುದೇ ಅವನ ಉದ್ದೇಶವಾಗಿದ್ದಿತು. ಪಂದ್ಯದ ಯೋಚನೆ ಅಲ್ಲಿಲ್ಲ. ಎದೆಯೀಜನ್ನು ಹೋಲುವ ಕ್ರಮವೊಂದು ಅದರಲ್ಲಿ ನಿರೂಪಿತವಾಗಿದೆ. ಮುಂದೆ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದೇ ಶಿಷ್ಟರ ಈಜೆನಿಸಿಕೊಂಡಿತು. ಆಗಿನವರು ತಲೆಯನ್ನು ನೀರಿನ ಮೇಲೆತ್ತಿಕೊಂಡೇ ಈಜುತ್ತಿದ್ದರು. 1875ರ ಆಗಸ್ಟ್ 24 ಮತ್ತು 25ರಂದು ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಎಂಬವನು ಇಂಗ್ಲಿಷ್ ಕಡಲ್ಗಾಲುವೆಯನ್ನು ಡೋವರಿನಿಂದ ಕ್ಯಾಲೆಯವರೆಗೆ, ಯಾವ ತೇಲುಸಾಧನವೂ ಇಲ್ಲದೆ, ಸುಮಾರು 21 ಗಂಟೆ 45 ನಿಮಿಷಗಳಲ್ಲಿ ದಾಟಿದ್ದು ಈ ಎದೆಯೀಜಿನಿಂದಲೇ. ಮುಖ ಮೇಲಿದ್ದರೆ ಉಸಿರಿಗೆ ತೊಡಕಿಲ್ಲ. ಆದರೆ ತಲೆಯೆತ್ತಿದಷ್ಟೂ ಸೊಂಟವೂ ಕಾಲುಗಳೂ ಕೆಳಗಿಳಿದು, ನೀರು ಮೈಗೆ ಅಡ್ಡವಾಗಿ ನಿಲ್ಲುತ್ತದೆ. ಕಡಲನ್ನು ದಾಟುವವನಿಗೆ ಈ ನಷ್ಟ ಸಹ್ಯ, ಪಂದ್ಯಾಳುವಿಗೆ ಅಸಹ್ಯ.

1904ರಲ್ಲಿ ಎದೆಯೀಜು ಒಲಿಂಪಿಕ್ ಕ್ರೀಡೆಗಳಲ್ಲಿ ಪ್ರತ್ಯೇಕ ಪಂದ್ಯವಾಯಿತು. ಅಲ್ಲಿಂದ ಮುಂದೆ ಕ್ಷಣ ಕ್ಷಣಕ್ಕೂ ಬೆಲೆ ಬಂದಿತು. ನೀರಿನ ಮೇಲ್ಮೈಯಲ್ಲಿ ಚಲಿಸುವವನು ಅಲೆಗಳನ್ನೆಬ್ಬಿಸಿ ಶಕ್ತಿಯನ್ನು ವ್ಯರ್ಥವಾಗಿ ಕಳೆಯುತ್ತಾನೆ; ಆಳದಲ್ಲಿ ಹೋಗುವವನಿಗೆ ಆ ನಷ್ಟ ಕಡಿಮೆ. ಈ ರಹಸ್ಯವನ್ನರಿತ ಜಪಾನಿನ ಮಸಾರು ಫುರುಕಾವಾ 1956ರ ಮೆಲ್ಬರ್ನ್ ಕ್ರೀಡೆಗಳಲ್ಲಿ 200 ಮೀಟರ್ ಪಂದ್ಯದ ಬಹುಭಾಗವನ್ನು ನೀರಿನೊಳಗೇ ಈಜಿ, 2 ನಿಮಿಷ 34.7 ಸೆಕೆಂಡುಗಳಲ್ಲಿ ಚಿನ್ನದ ಪದಕವನ್ನು ಗೆದ್ದನು. 50 ಮೀಟರಿನ ಮೊದಲ ಮೂರು ಸುತ್ತುಗಳಲ್ಲಿ ಅವನು ಮೇಲೆ ಕಾಣಿಸಿಕೊಂಡದ್ದು ಸುತ್ತಿಗೆ ಸುಮಾರು 5 ಮೀಟರ್ ಮಾತ್ರ!

ಈ ಜಯದ ಹಿಂದೆ ಅಪಾಯವೂ ಹೊಂಚುಹಾಕಿದ್ದಿತು. ಉಸಿರಾಡೆಂದು ದೇಹವು ಎಚ್ಚರಿಸುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲಾಮ್ಲವಾಯು ಹೆಚ್ಚಿದಾಗ. ಆಮ್ಲಜನಕವು ತಗ್ಗಿದುದಕ್ಕೆ ಅಷ್ಟು ಬೇಗ ಎಚ್ಚರಿಕೆ ಸಿಗುವುದಿಲ್ಲ. ಆದಕಾರಣ ಮೊದಲೇ ಜೋರಾಗಿ ಉಸಿರಾಡಿ ಇಂಗಾಲಾಮ್ಲವನ್ನು ಹೊರದೂಡಿ ಮುಳುಗಿದವನು, ಉಸಿರಿನ ಹಂಬಲ ಹುಟ್ಟುವ ಮೊದಲೇ ಸ್ಮೃತಿತಪ್ಪಬಹುದು. ನೀರಿನಡಿಯ ಈಜು ಹಬ್ಬಿದಂತೆ ಉಸಿರುಗೆಟ್ಟವರೂ ಮೂರ್ಛೆಹೋದವರೂ ಕಂಡುಬಂದರು. ಆದುದರಿಂದ ಮೆಲ್ಬರ್ನ್ ಕ್ರೀಡೆಗಳ ಬಳಿಕ ಅಂತರರಾಷ್ಟ್ರೀಯ ಈಜು ಒಕ್ಕೂಟವು, ಹೊರಟಾಗಲೂ ಗೋಡೆಯಲ್ಲಿ ತಿರುಗಿದಾಗಲೂ ಒಂದು ಸಲದ ಕೈಬೀಸು ಕಾಲೊದೆತಗಳ ಹೊರತು, ತಲೆಯು ನೀರಿನ ಮೇಲಿರಬೇಕೆಂದು ಕಟ್ಟುಮಾಡಿತು.

ಈ ಕಟ್ಟಿನಿಂದ ವೇಗವು ಕುಂದಿತೇ? ಇಲ್ಲ. 1987ರಿಂದ ನಿಯಮವು ಸಡಿಲಗೊಂಡು, ಪ್ರತಿಯೊಂದು ಆವರ್ತನದಲ್ಲಿ ತಲೆಯು ಒಮ್ಮೆ ಮೇಲ್ಮೈಯನ್ನು ಭೇದಿಸಿದರೆ ಸಾಕೆಂದಾಯಿತು. ಹಂಗೇರಿಯ ಶಿಕ್ಷಕ ಯೋಜೆಫ್ ನಾಗಿಯು ರೂಪಿಸಿದ ಅಲೆಯ ಶೈಲಿಯಲ್ಲಿ ಉಸಿರಿಗಾಗಿ ಏಳುವುದೇ ಮುನ್ನುಗ್ಗುವುದಕ್ಕೆ ಸನ್ನಾಹ: ಕೈಗಳು ಒಳಕ್ಕೆ ಸೆಳೆಯುವಾಗ ಭುಜಗಳು ಮೇಲೇಳುತ್ತವೆ, ಬಾಯಿ ಗಾಳಿಯನ್ನು ಹೀರುತ್ತದೆ, ಒಡನೆಯೇ ಮುಖವನ್ನು ತಗ್ಗಿಸಿ, ಕೈಗಳನ್ನು ಮುಂದಕ್ಕೆಸೆದು, ಕಾಲಿನಿಂದ ಒದ್ದು ಮೈಯನ್ನು ಬಾಣದಂತೆ ನೀಳವಾಗಿಸಬೇಕು. ಈ ಶೈಲಿಯ ಅಮೆರಿಕನ್ ಈಜುಗಾರ ಮೈಕ್ ಬ್ಯಾರೋಮನ್ 1992ರ ಬಾರ್ಸಿಲೋನಾ ಕ್ರೀಡೆಗಳಲ್ಲಿ ಅದೇ 200 ಮೀಟರನ್ನು 2 ನಿಮಿಷ 10.16 ಸೆಕೆಂಡುಗಳಲ್ಲಿ ಮುಗಿಸಿದನು. ತರಬೇತಿಯ ಸುಧಾರಣೆಯೂ ಇದಕ್ಕೆ ಕಾರಣವೇ ಸರಿ. ಆದರೂ ಉಸಿರನ್ನು ಬಚ್ಚಿಟ್ಟು ಗೆದ್ದವನಿಗಿಂತ, ಆವರ್ತನಕ್ಕೊಮ್ಮೆ ತಲೆಯೆತ್ತಿದವನು ಸುಮಾರು 24 ಸೆಕೆಂಡು ಮುಂದಾದನೆಂಬುದು ವಿಚಾರಾರ್ಹ.

ಹೊಸದಾಗಿ ಕಲಿಯುವವನು ಎಡವುವುದು ಸಾಮಾನ್ಯವಾಗಿ ರೇಚಕದಲ್ಲಿ, ಪೂರಕದಲ್ಲಲ್ಲ. ಮುಖ ನೀರಿನೊಳಗಿರುವಾಗ ಅವನು ಉಸಿರನ್ನು ಬಿಗಿಹಿಡಿಯುತ್ತಾನೆ. ಮೇಲೆದ್ದ ಅರೆಗಳಿಗೆಯಲ್ಲಿ ಬಿಡುವುದನ್ನೂ ಎಳೆಯುವುದನ್ನೂ ಎರಡನ್ನೂ ಮಾಡಹೋಗಿ, ಎರಡೂ ಕೈಗೂಡದೆ ನೀರು ಕುಡಿಯುತ್ತಾನೆ. ಕೈಕಾಲುಗಳನ್ನು ಚಾಚಿ ತೇಲಿಹೋಗುವಾಗಲೇ ಮೂಗು ಬಾಯಿಗಳಿಂದ ಮೆಲ್ಲಗೆ ಉಸಿರನ್ನು ಬಿಟ್ಟರೆ, ಮೇಲೆದ್ದಾಗ ಉಳಿಯುವುದು ಪೂರಕವೊಂದೇ. ಮುಳುಗುವವರನ್ನು ಉಳಿಸಲೆಂದು ವಿನ್ಮನ್ ಲೇಖನಿಯನ್ನು ಹಿಡಿದು ಐದು ಶತಮಾನಗಳಾಗುತ್ತ ಬಂದುವು. ಪದಕವು ಕೆಲವರಿಗೆ ದಕ್ಕುತ್ತದೆ. ಹೊಳೆಗಿಳಿಯುವ ಹುಡುಗನಿಗೆ ಮೊದಲು ಕಲಿಸಬೇಕಾದದ್ದು ಉಸಿರು ಬಿಡುವುದನ್ನು.