ಹೊರಹಾಕುವ ಮುನ್ನ ಒಂದು ನೋಟಿಸು

ಬಾಡಿಗೆದಾರನಿಗೆ ಕೊಡುವ ನೋಟಿಸೆಂದರೆ ಮನೆ ಖಾಲಿ ಮಾಡಿಸುವ ಮೊದಲ ಹೆಜ್ಜೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಚರಿತ್ರೆ ನೋಡಿದರೆ ಅದು ಬಾಡಿಗೆದಾರನನ್ನು ಉಳಿಸಲು ಬಂದ ಏರ್ಪಾಡು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮೂಲ ರೂಪದಲ್ಲಿ, ಷರತ್ತು ಮುರಿದವನ ಗುತ್ತಿಗೆ ಮುಗಿಸಲು ಮಾಲೀಕ ತನ್ನ ಇಂಗಿತ ತೋರುವ ಯಾವುದಾದರೊಂದು ಕೆಲಸ ಮಾಡಿದರೆ ಸಾಕಿತ್ತು, ಬರೆದು ತಿಳಿಸಬೇಕೆಂದಿರಲಿಲ್ಲ. ಇಂಗ್ಲೆಂಡಿನಲ್ಲಾದರೋ 1881ರಲ್ಲೇ, ತಪ್ಪು ಇಂಥದ್ದೆಂದು ತಿಳಿಸಿ ಸರಿಪಡಿಸಲು ಹೇಳಬೇಕೆಂಬ ನಿಯಮ ಬಂದಿತ್ತು. ತಮ್ಮ ನಾಡಿನ ಬಾಡಿಗೆದಾರನಿಗೆ ಕೊಟ್ಟ ಈ ರಕ್ಷಣೆಯನ್ನು ಇಲ್ಲಿಯವನಿಗೆ ಕೊಡಲು ಆಳುವವರು ಸುಮಾರು ಅರ್ಧ ಶತಮಾನ ತೆಗೆದುಕೊಂಡರು. 114ಎ ಕಲಮು ಸೇರಿದ್ದು 1929ರ ತಿದ್ದುಪಡಿಯಲ್ಲಿ.

ಷರತ್ತು ಮುರಿದರೆ ಸ್ವತ್ತು ಹಿಂಪಡೆಯುವೆನೆಂದು ಕರಾರಿನಲ್ಲೇ ಇದ್ದರೂ, "ಕರಾರು ಮೀರಿದ್ದೀರಿ" ಎಂಬ ಒಂದು ಸಾಲು ಈ ಕಲಮಿಗೆ ಸಾಲದು. ವಾಸದ ಮನೆಯಲ್ಲಿ ಹಿಟ್ಟಿನ ಗಿರಣಿ ಹೂಡಿದ್ದರೆ ಅದನ್ನೇ ಹೆಸರಿಸಿ, ತೆಗೆಯಿರೆಂದು ಬರೆದು, ತಕ್ಕಷ್ಟು ಕಾಲ ಕಾಯಬೇಕು, ದಾವೆ ಆಮೇಲೆ. ಮೊಂಡರಿಗೆ ಇದು ಕಾಲಹರಣದ ದಾರಿ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಒಳಬಾಡಿಗೆ, ಪರಭಾರೆ ತಡೆಯುವ ಷರತ್ತುಗಳನ್ನೂ ಬಾಡಿಗೆ ಬಾಕಿಯನ್ನೂ ಕಾನೂನು ಈ ರಕ್ಷಣೆಯಿಂದ ಹೊರಗಿಟ್ಟಿತು. ಬಾಕಿಯ ಪ್ರಶ್ನೆಗೆ 114ನೇ ಕಲಮಿದೆ. ಮಾಲೀಕನ ಹಿತ ಅಲ್ಲಿಗೆ ಸಾಕಷ್ಟು ಭದ್ರವಾಯಿತು. ಗಿರಣಿ ತೆಗೆದರೆ ಮುಗಿಯುವ ತಪ್ಪಿಗೆ ಸೂರನ್ನೇ ಕಸಿಯುವುದು ಅನ್ಯಾಯ. 1929ರ ತಿದ್ದುಪಡಿ ಸರಿಯಾಗಿಯೇ ಇತ್ತು, ಬಂದದ್ದು ತಡವಾಗಿ.