ಬೆತ್ತದ ಬಿಗಿ, ಹಿಂಗಾರದ ಹೊಳಪು

ಕುಕ್ಕೆ ಸುಬ್ರಹ್ಮಣ್ಯದ ಬ್ರಹ್ಮರಥ ಕಟ್ಟುವ ಮಲೆಕುಡಿಯ ಸಮುದಾಯದವರು ಹಗ್ಗ ಬಳಸುವುದಿಲ್ಲ. ಕಾಡಿನಿಂದ ತಂದ ಬೆತ್ತವನ್ನೇ ಸುತ್ತಿ, ಹೆಣೆದು ತೇರನ್ನು ಬಿಗಿಯುತ್ತಾರೆ. ಎಳೆಯುವುದೂ ಬೆತ್ತದಿಂದಲೇ. ಚಂಪಾಷಷ್ಠಿಯ ತೇರು ಮುಗಿದ ಮೇಲೆ ಬೆತ್ತದ ತುಂಡಿಗಾಗಿ ನೂಕುನುಗ್ಗಲು. ಮನೆಯಲ್ಲಿ ಬೆತ್ತವಿದ್ದರೆ ಹಾವು ಸುಳಿಯದೆಂಬ ನಂಬಿಕೆ.

ಬೆತ್ತದಂತೆ ಸುತ್ತಿ ಹೆಣೆಯುವ ಗೆರೆ ತುಳುನಾಡಿನಲ್ಲಿ ಅತಿ ಸೊಗಸಾಗಿ ಮೂಡುವುದು ನಾಗಪೂಜೆಗೆ ನೆಲದ ಮೇಲೆ ಬರೆಯುವ ನಾಗಮಂಡಲದಲ್ಲಿ. ಹಾವಿನ ಒಡಲು ತನ್ನನ್ನೇ ದಾಟಿ, ನುಸುಳಿ ಗಂಟಾಗುತ್ತದೆ. ಆ ಗಂಟೇ ಪವಿತ್ರ. ಹದಿನಾರು ಪವಿತ್ರವಾದರೆ ಪೂರ್ಣ ಮಂಡಲ, ಎಂಟಾದರೆ ಅರ್ಧ, ನಾಲ್ಕಾದರೆ ಕಾಲು. ಅರಿಶಿನದ ಹಳದಿ, ಅದಕ್ಕೆ ಸುಣ್ಣ ಬೆರೆಸಿದ ಕೆಂಪು, ಎಲೆಪುಡಿಯ ಹಸಿರು, ಸುಟ್ಟ ಉಮಿಯ ಕಪ್ಪು, ಜೊತೆಗೆ ಬಿಳಿ: ಮಂಡಲ ಬರೆಯುವ ‘ವೈದ್ಯ’ರ ಬೆರಳ ಸಂದಿನಿಂದ ಪುಡಿ ಉದುರುತ್ತಾ ಹಾವು ಬೆಳೆಯುತ್ತದೆ. ರಾತ್ರಿಯಿಡೀ ಡಕ್ಕೆಯ ನಾದಕ್ಕೆ ಕುಣಿತ. ಕೊನೆಗೆ ಅದೇ ಪಾದಗಳು ಚಿತ್ರವನ್ನು ಅಳಿಸುತ್ತವೆ, ಪುಡಿ ಪ್ರಸಾದವಾಗುತ್ತದೆ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ವಿನ್ಯಾಸಕನಾಗಿದ್ದ ಜಾನ್ ಬೆರೇನ್ (1640–1711) ಕೂಡ ಪಟ್ಟಿಗಳನ್ನು ಬಳ್ಳಿಹೂಗಳೊಡನೆ ಹೆಣೆದ. ಆದರೆ ಅವನ ವಿನ್ಯಾಸ ತಾಮ್ರದ ಹಲಗೆಯಲ್ಲಿ ಕೆತ್ತಿ ಅಚ್ಚಾಗಿ ಊರೂರಿಗೆ ಹೋಯಿತು. ಬೆಳ್ಳಿ ಕೆಲಸದವನೂ ಬಡಗಿಯೂ ಅದನ್ನೇ ನಕಲು ಮಾಡಿದರು. ಅಚ್ಚು ಹತ್ತಿದ ಹೂವು ಯಾವ ಪೆಟ್ಟಿಗೆಯ ಮೇಲೂ ಕೂರಬಲ್ಲದು. ಮಂಡಲದ ಪವಿತ್ರಕ್ಕೆ ಆ ಸಲುಗೆಯಿಲ್ಲ. ಅದಕ್ಕೆ ನಾಗನೇ ಬೇಕು.

ನಾಗಪೂಜೆಯಲ್ಲಿ ಹೂವಿನ ಪಾಲು ಹಿಂಗಾರದ್ದು. ಅಡಿಕೆಯ ಈ ಹೊಂಬಣ್ಣದ ಹೂಗೊಂಚಲನ್ನು ಹಾಳೆ ಸೀಳಿ ತೆಗೆದು ನಾಗನ ಕಲ್ಲಿಗೆ ಹರವುತ್ತಾರೆ. ನಾಗನ ಆವೇಶ ಬರುವ ನಾಗಪಾತ್ರಿ ಅದನ್ನೇ ಮುಖಕ್ಕೆ ಒತ್ತಿಕೊಳ್ಳುತ್ತಾನೆ. ದೈವದ ಕೋಲದಲ್ಲೂ ಅದಿಲ್ಲದೆ ನಡೆಯದು. ಅಲ್ಲಿ ಕೋಲ ಕಟ್ಟುವವನ ಸೊಂಟಕ್ಕೆ ತೆಂಗಿನ ಎಳೆಗರಿ ಸೀಳಿದ ಸಿರಿ, ಬೆನ್ನಿಗೆ ಅಣಿಯೆಂಬ ಅಲಂಕಾರದ ಚೌಕಟ್ಟು. ಸಿರಿಯನ್ನು ಪ್ರತಿ ಸಲವೂ ಹಸಿಯಾಗಿಯೇ ಕಟ್ಟಬೇಕು. ಬಾಡುವ ವಸ್ತುವನ್ನೇ ಇಷ್ಟು ಹಟದಿಂದ ಆರಿಸಿಕೊಂಡ ಅಲಂಕಾರಕಲೆ ಅಪರೂಪ.

ಹಿಂಗಾರ ಫಲವಂತಿಕೆಯ ಗುರುತೆಂದು ಎಲ್ಲರೂ ಹೇಳುತ್ತಾರೆ. ಕೃಷಿಕನ ಲೆಕ್ಕ ಇನ್ನೂ ಖಾರವಾದದ್ದು: ಕೊಯ್ದ ಹಿಂಗಾರವೆಂದರೆ ಆ ವರ್ಷ ಕಟ್ಟದೆ ಹೋದ ಒಂದು ಗೊನೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ 1973ರಿಂದ ಅಡಿಕೆಯ ಧಾರಣೆಯನ್ನು ದಿನವೂ ವಿಚಾರಿಸುವ ಪುತ್ತೂರಿನ ಕಡೆ ಅದು ಸಣ್ಣ ಕಾಣಿಕೆಯಲ್ಲ. ತೋಟವಿಲ್ಲದವರು ನಾಗರಪಂಚಮಿಗೆ ಪೇಟೆಯಲ್ಲಿ ಅದನ್ನು ಕೊಳ್ಳುತ್ತಾರೆ, ಚೌಕಾಸಿ ಮಾಡಿಯೇ.